ಬಾರ್ಕಾಸಿನ ಪರದೇಶಿಗಳು

ಹೈದರಾಬಾದಿನ ಹಳೇ ಪಟ್ಟಣದಿಂದ ದಕ್ಷಿಣಕ್ಕೆ, ಚಾಂದ್ರಾಯಣಗುಟ್ಟ ದಾಟಿ ಶ್ರೀಶೈಲದ ಹಾದಿ ಹಿಡಿದರೆ ಬಾರ್ಕಾಸ್ ಎಂಬ ಬಡಾವಣೆ ಸಿಗುತ್ತದೆ. ಚಳಿಗಾಲದ ಬೆಳಗ್ಗೆ ಹೋದರೆ ಹರೀಸ್ ಹಂಡೆಯ ಸುತ್ತ ಜನ ನಿಂತಿರುತ್ತಾರೆ. ಗೋಧಿ, ಮಾಂಸ ಎರಡನ್ನೂ ತಾಸುಗಟ್ಟಲೆ ಬೇಯಿಸಿ, ಕುಟ್ಟಿ, ಎರಡರ ಗುರುತೂ ಸಿಗದ ಹಾಗೆ ಮಾಡಿದ ಗಂಜಿ ಅದು. ಸಿಹಿ ಬೇಕೋ ಖಾರ ಬೇಕೋ ಎಂದು ಕೇಳಿ ಬಟ್ಟಲಿಗೆ ಹಾಕುತ್ತಾರೆ, ಮೇಲೆ ತುಪ್ಪ. ಗಂಡಸರು ಚೌಕಳಿ ಲುಂಗಿ ಉಟ್ಟಿರುತ್ತಾರೆ. ತಳ್ಳುಗಾಡಿಯಲ್ಲಿ ಸೀಬೆಹಣ್ಣು, ಊರಿನವರ ಬಾಯಲ್ಲಿ ಅದು ‘ಜಾಮ್’. ರಸ್ತೆಯುದ್ದಕ್ಕೂ ‘ಮಂದಿ’ ಎಂಬ ಅರಬ ಊಟದ ಹೋಟೆಲುಗಳು. ದೊಡ್ಡದೊಂದು ತಟ್ಟೆಯಲ್ಲಿ ಅನ್ನ, ಅದರ ಮೇಲೆ ಮಾಂಸ, ಸುತ್ತ ನಾಲ್ಕೈದು ಜನ ಕೂತು ಒಂದೇ ತಟ್ಟೆಗೆ ಕೈ ಹಾಕುತ್ತಾರೆ. ಅಂಗಡಿ ಹಲಗೆಗಳ ಮೇಲೆ ಅಮೂದಿ, ಯಾಫೈ, ಬಾವಜೀರ್ ಎಂಬ ಮನೆತನದ ಹೆಸರುಗಳು. ಆಡುವ ಮಾತು ಮಾತ್ರ ಅಪ್ಪಟ ದಖ್ಖನಿ ಉರ್ದು.

ಬಾರ್ಕಾಸ್ ಅಂದರೆ ಬ್ಯಾರಕ್ಸ್. ನಿಜಾಮನ ಅರಬ ಸಿಪಾಯಿಗಳ ಲೈನುಗಳಿದ್ದ ಜಾಗ. ಇಲ್ಲಿನವರ ಅಜ್ಜಂದಿರನ್ನು, ಮುತ್ತಜ್ಜಂದಿರನ್ನು 1948ರ ಕೊನೆಯಲ್ಲಿ ಸ್ವತಂತ್ರ ಭಾರತದ ಸರ್ಕಾರ ಹಿಡಿದು ಕೂಡಿಹಾಕಿ, ‘ನೀವು ಪರದೇಶಿಗಳು, ನಿಮ್ಮ ದೇಶಕ್ಕೆ ನಡೆಯಿರಿ’ ಎಂದಿತ್ತು.

ಪರದೇಶಿ ಎಂಬ ಪದ ನಮ್ಮ ಭಾಷೆಯಲ್ಲಿ ಎರಡು ಕಡೆ ಕತ್ತರಿಸುತ್ತದೆ. ಸರ್ಕಾರದ ಕಾಗದದಲ್ಲಿ ಅದು ಬೇರೆ ದೇಶದವನು. ಮನೆಯ ಮಾತಿನಲ್ಲಿ ದಿಕ್ಕಿಲ್ಲದವನು: ಅಪ್ಪ ಅಮ್ಮ ಸತ್ತ ಕೂಸನ್ನು ಕಂಡು ನಮ್ಮ ಮುದುಕಿಯರು ‘ಪಾಪ, ಪರದೇಶಿ ಆತು’ ಅನ್ನುತ್ತಾರೆ. ಮೊದಲನೆಯ ಅರ್ಥದಲ್ಲಿ ಒಬ್ಬ ಗಂಡಸನ್ನು ಪರದೇಶಿ ಎಂದು ಕರೆದರೆ ಎರಡನೆಯ ಅರ್ಥದಲ್ಲಿ ಅವನ ಮಕ್ಕಳು ಪರದೇಶಿಗಳಾಗುತ್ತಾರೆ. ಹೈದರಾಬಾದಿನ ಆ ಆರೇಳು ವರ್ಷಗಳ ಕಥೆ ಇದೇ. ಬೀದರ, ಕಲಬುರ್ಗಿ, ರಾಯಚೂರು ಅದೇ ಸಂಸ್ಥಾನದ ಕನ್ನಡ ಜಿಲ್ಲೆಗಳಾಗಿದ್ದುದರಿಂದ ಇದು ನಮ್ಮ ಕಥೆಯೂ ಹೌದು.

ಹದ್ರಮೌತ್ ಎಂಬುದು ಈಗಿನ ಯೆಮೆನ್‌ನ ಪೂರ್ವ ಭಾಗ. ಬರಡು ಕಲ್ಲುಗಾಡಿನ ನಡುವೆ ಒಂದು ದೊಡ್ಡ ಕಣಿವೆ, ಕಣಿವೆಯಲ್ಲಿ ಶಿಬಾಮ್, ಸೈಯೂನ್, ತರೀಮ್ ಎಂಬ ಮಣ್ಣಿನ ಊರುಗಳು, ಸಮುದ್ರದ ದಂಡೆಗೆ ಮುಕಲ್ಲಾ, ಶಿಹ್ರ್ ಎಂಬ ಬಂದರುಗಳು. ಮಳೆ ನಂಬಿ ಬದುಕುವ ಹಾಗಿಲ್ಲದ ನೆಲ. ಆದ್ದರಿಂದ ಅಲ್ಲಿನ ಗಂಡಸರು ಹೊರಗೆ ಹೋಗಿ ದುಡಿದು ಮನೆಗೆ ಹಣ ಕಳಿಸುವುದು ನೂರಾರು ವರ್ಷಗಳ ರೂಢಿ. ವ್ಯಾಪಾರ ಬಲ್ಲವರು ಜಾವಾಕ್ಕೆ, ಸಿಂಗಪುರಕ್ಕೆ, ಪೂರ್ವ ಆಫ್ರಿಕಾಕ್ಕೆ ಹೋದರು. ಕತ್ತಿ, ಬಂದೂಕು ಹಿಡಿಯಬಲ್ಲವರು ದಖ್ಖನಿಗೆ ಬಂದರು. ಹದಿನೆಂಟನೆಯ ಶತಮಾನದಿಂದಲೇ ಮರಾಠರ ಸರದಾರರ ಬಳಿ, ನಿಜಾಮನ ಬಳಿ, ಸಣ್ಣಪುಟ್ಟ ಪಾಳೆಯಗಾರರ ಬಳಿ ಅರಬ ತುಕಡಿಗಳು ಇದ್ದವು. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಸುರಪುರದ ರಾಜಾ ವೆಂಕಟಪ್ಪ ನಾಯಕನ ಕೋಟೆಯಲ್ಲೂ ಬೇಡರ ಜೊತೆಗೆ ಅರಬರು, ರೋಹಿಲರು ಇದ್ದರು.

ಹೈದರಾಬಾದಿನಲ್ಲಿ ಅವರ ಜಮಾದಾರರು ಬರೀ ಸೈನಿಕರಾಗಿ ಉಳಿಯಲಿಲ್ಲ. ಸಂಬಳ ಬಾಕಿ ಉಳಿಸಿಕೊಂಡ ಜಾಗೀರುದಾರರಿಗೇ ಬಡ್ಡಿಗೆ ಸಾಲ ಕೊಟ್ಟು, ತೀರದಿದ್ದರೆ ಊರುಗಳ ಕಂದಾಯವನ್ನೇ ಕೈಗೆ ತೆಗೆದುಕೊಂಡರು. ಸಾಲಗಾರರನ್ನು ತಮ್ಮ ಮನೆಯ ಬಂದೀಖಾನೆಯಲ್ಲಿ ಕೂಡಿಹಾಕುವಷ್ಟು ಜೋರಾದರು. ಒಂದನೇ ಸಾಲಾರ್ ಜಂಗ್ ದಿವಾನನಾದ ಮೇಲೆ, 1853ರ ನಂತರ, ಈ ಹಾವಳಿಗೆ ಕಡಿವಾಣ ಬಿತ್ತು. ಹಾಗಂತ ಅವರ ಪ್ರಭಾವ ಹೋಗಲಿಲ್ಲ. ಉಮರ್ ಬಿನ್ ಅವದ್ ಅಲ್ ಕುಅಯ್ತಿ ಎಂಬ ಜಮಾದಾರ ಹೈದರಾಬಾದಿನಲ್ಲಿ ಗಳಿಸಿದ ದುಡ್ಡಿನ ಬಲದಿಂದಲೇ ಅವನ ಮಕ್ಕಳು ಹದ್ರಮೌತಿನಲ್ಲಿ ಒಂದು ರಾಜ್ಯವನ್ನೇ ಕಟ್ಟಿದರು. 1881ರಲ್ಲಿ ಮುಕಲ್ಲಾ ಅವರ ವಶವಾಯಿತು. ಮುಕಲ್ಲಾದ ಸುಲ್ತಾನನೇ ಇತ್ತ ನಿಜಾಮನ ದರಬಾರಿನಲ್ಲಿ ‘ಜಂಗ್’ ಬಿರುದಿನ ಅಮೀರ. ಒಂದೇ ಮನೆತನ, ಎರಡು ದೇಶ, ನಡುವೆ ಅರಬ್ಬೀ ಸಮುದ್ರ. ಯಾರಿಗೂ ಅದು ವಿಚಿತ್ರವಾಗಿ ಕಂಡಿರಲಿಲ್ಲ.

ಸಾಮಾನ್ಯ ಸಿಪಾಯಿಯ ಬದುಕು ಬೇರೆ. ಅವನು ಬರುವಾಗ ಒಬ್ಬನೇ ಬರುತ್ತಿದ್ದ. ಹೆಂಗಸರನ್ನು ಹದ್ರಮೌತಿನಿಂದ ಕರೆತರುವ ರೂಢಿ ಇರಲಿಲ್ಲ. ಇಲ್ಲಿಯ ಹೆಣ್ಣನ್ನು ಮದುವೆಯಾಗುತ್ತಿದ್ದ. ಹುಟ್ಟಿದ ಮಕ್ಕಳಿಗೆ ‘ಮುವಲ್ಲದ್’ ಎಂದು ಹೆಸರು; ಅಪ್ಪನಂತೆ ಸಮುದ್ರದಾಚೆಯಿಂದ ಬಂದವನು ‘ವಿಲಾಯತಿ’. ಅಮ್ಮ ಲಾಲಿ ಹಾಡಿದ ಭಾಷೆಯೇ ಮಕ್ಕಳ ಭಾಷೆಯಾಯಿತು. ಮುಂದಿನ ತಲೆಮಾರಿಗೆ ಅರಬ್ಬಿ ಎಂದರೆ ಬರೀ ಕುರಾನಿನ ಭಾಷೆ. ಆ ಮಕ್ಕಳೂ ಅಪ್ಪನ ಜಾಗಕ್ಕೇ ಸೇರಿದರು: ನಿಜಾಮನ ಕಾಯಂ ಸೈನ್ಯದ ಹೊರಗಿದ್ದ ‘ನಜ್ಮೆ ಜಮಿಯತ್’ ಎಂಬ ದಂಡಿನಲ್ಲಿ, ಖಜಾನೆ ಕಾವಲಿನಲ್ಲಿ, ಅಮೀರರ ದೇವಡಿಗಳ ಬಾಗಿಲಲ್ಲಿ.

ಹೈದರಾಬಾದಿನ ಕಾನೂನು ಕೂಡ ಅವರನ್ನು ಹೊರಗಿಟ್ಟಿರಲಿಲ್ಲ. ಉತ್ತರ ಹಿಂದೂಸ್ತಾನದಿಂದ ಬಂದು ನೌಕರಿ ಕಬಳಿಸುವವರ ವಿರುದ್ಧ ಸ್ಥಳೀಯರ ಕೂಗು ಹೆಚ್ಚಿದಾಗ 1919ರಲ್ಲಿ ನಿಜಾಮ ಮುಲ್ಕಿ ನಿಯಮದ ಫರ್ಮಾನು ಹೊರಡಿಸಿದ. ಮುಲ್ಕಿ ಅಂದರೆ ಈ ನಾಡಿನವನು. ಹುಟ್ಟಿನಿಂದ ಮುಲ್ಕಿಯಾಗಬಹುದಿತ್ತು. ಹದಿನೈದು ವರ್ಷ ನೆಲೆಸಿ, ‘ಹಳೆಯ ಊರಿಗೆ ಮರಳುವ ಯೋಚನೆ ಬಿಟ್ಟಿದ್ದೇನೆ’ ಎಂದು ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿಯೂ ಆಗಬಹುದಿತ್ತು. ಅಪ್ಪ ಸರ್ಕಾರಿ ಸೇವೆಯಲ್ಲಿ ಹದಿನೈದು ವರ್ಷ ಪೂರೈಸಿದ ಮೇಲೆ ಹುಟ್ಟಿದ ಮಗನೂ ಮುಲ್ಕಿಯೇ. ಸಿಪಾಯಿಯ ಮನೆಗೆ ಅಳತೆ ತೆಗೆದು ಹೊಲಿದಂತಿದೆ ಈ ಕೊನೆಯ ಮಾತು. ಮುಲ್ಕಿ ಎಂಬ ಪದ ಮುಂದೆ 1952ರಲ್ಲಿ, 1969ರಲ್ಲಿ ಹೈದರಾಬಾದಿನ ಬೀದಿಗಳಲ್ಲಿ ಎಬ್ಬಿಸಿದ ಗದ್ದಲವೇ ಬೇರೊಂದು ಕಥೆ.

1947ರ ಆಗಸ್ಟಿನಲ್ಲಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತಕ್ಕೂ ಸೇರಲಿಲ್ಲ, ಪಾಕಿಸ್ತಾನಕ್ಕೂ ಸೇರಲಿಲ್ಲ. ಮುಂದಿನ ಹದಿಮೂರು ತಿಂಗಳು ಕಾಸಿಂ ರಜ್ವಿಯ ಖಾಸಗಿ ಪಡೆಯಾದ ರಜಾಕಾರರದು. ನಮ್ಮ ಕಡೆಯ ಹಿರಿಯರಿಗೆ ಇದನ್ನು ಯಾರೂ ಪುಸ್ತಕ ತೆಗೆದು ಹೇಳಬೇಕಾಗಿಲ್ಲ. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾದಲ್ಲಿ ನಡೆದ ಹತ್ಯಾಕಾಂಡದ ನೆನಪು ಆ ಸೀಮೆಯಲ್ಲಿ ಇನ್ನೂ ಹಸಿ. ಸಂಸ್ಥಾನದ ಹಳ್ಳಿ ಬಿಟ್ಟು ಗಡಿ ದಾಟಿ ಗದಗ, ಸೊಲ್ಲಾಪುರ, ಬಳ್ಳಾರಿ ಕಡೆ ಓಡಿದ ಕುಟುಂಬಗಳೆಷ್ಟೋ. ಮುಂಡರಗಿಯಲ್ಲಿ, ಗಜೇಂದ್ರಗಡದಲ್ಲಿ ಹೋರಾಟಗಾರರ ಶಿಬಿರಗಳಿದ್ದವು. ಅದೇ ಹೊತ್ತಿಗೆ ಎದುರು ದಿಕ್ಕಿನಲ್ಲಿ ಮಧ್ಯಪ್ರಾಂತ, ಬೇರಾರ್, ಮುಂಬೈ ಪ್ರಾಂತಗಳ ಮುಸ್ಲಿಮರು ಲಕ್ಷಗಟ್ಟಲೆಯಲ್ಲಿ ಹೈದರಾಬಾದಿಗೆ ಬಂದು ಸೇರುತ್ತಿದ್ದರು. ಎರಡೂ ಕಡೆಯ ರಸ್ತೆಗಳ ಮೇಲೆ ಗಂಟುಮೂಟೆ ಹೊತ್ತ ಹೆಂಗಸರು, ಕೈಹಿಡಿದ ಮಕ್ಕಳು.

ಸೆಪ್ಟೆಂಬರ್ 13ರಂದು ಭಾರತದ ಸೇನೆ ಗಡಿ ದಾಟಿತು. ಐದನೆಯ ದಿನ ನಿಜಾಮ ಶರಣಾದ. ಜನ ಅದನ್ನು ಇಂದಿಗೂ ‘ಪೊಲೀಸ್ ಆ್ಯಕ್ಷನ್’ ಅನ್ನುತ್ತಾರೆ. ಮೇಜರ್ ಜನರಲ್ ಜೆ.ಎನ್. ಚೌಧರಿ ಮಿಲಿಟರಿ ಗವರ್ನರ್ ಆದರು. ಮುಂದಿನ ವಾರಗಳಲ್ಲಿ ಹಳ್ಳಿಗಳಲ್ಲಿ ಸೇಡಿನ ಹಿಂಸೆ ಭುಗಿಲೆದ್ದಿತು. ಅದನ್ನು ತಿಳಿಯಲು ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ಮತ್ತು ಖಾಜಿ ಅಬ್ದುಲ್ ಗಫಾರ್ ಅವರ ತಂಡ, ಕಡಿಮೆ ಎಂದರೂ 27,000ದಿಂದ 40,000 ಜನ ಸತ್ತಿದ್ದಾರೆ ಎಂದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಅವರು ಹೆಸರಿಸಿದ್ದು ಉಸ್ಮಾನಾಬಾದ್, ಕಲಬುರ್ಗಿ, ಬೀದರ, ನಾಂದೇಡ. ಆ ವರದಿ ದಶಕಗಳ ಕಾಲ ಹೊರಬರಲಿಲ್ಲ. ಎ.ಜಿ. ನೂರಾನಿ 2013ರ ತಮ್ಮ ಪುಸ್ತಕದಲ್ಲಿ ಅದನ್ನು ಅಚ್ಚು ಹಾಕಿಸಿದರು. ಸಂಖ್ಯೆಯ ಬಗ್ಗೆ ವಾದ ಇಂದಿಗೂ ಮುಗಿದಿಲ್ಲ. ಭಾರತ ಸರ್ಕಾರದ ಏಜೆಂಟ್ ಜನರಲ್ ಆಗಿದ್ದ ಕೆ.ಎಂ. ಮುನ್ಷಿ ಬರೆದ ಕಥೆಯನ್ನೂ, 1950ರಲ್ಲೇ ಇದನ್ನು ಮುಸ್ಲಿಂ ದುರಂತ ಎಂದು ಕರೆದ ವಿಲ್‌ಫ್ರೆಡ್ ಕ್ಯಾಂಟ್‌ವೆಲ್ ಸ್ಮಿತ್ ಬರಹವನ್ನೂ ಒಟ್ಟಿಗೆ ಓದಿದರೆ ಎರಡು ಬೇರೆ ಊರುಗಳ ಸುದ್ದಿಯೇನೋ ಅನ್ನಿಸುತ್ತದೆ. ರಜಾಕಾರರ ಕ್ರೌರ್ಯ ನಿಜ, ಆಮೇಲಿನ ಸೇಡೂ ನಿಜ. ಒಂದನ್ನು ಹೇಳಲು ಇನ್ನೊಂದನ್ನು ಮುಚ್ಚಬೇಕಾಗಿಲ್ಲ.

ಇಂಥ ಗಳಿಗೆಯಲ್ಲಿ ಬಂದೂಕು ಹಿಡಿದ ಅರಬ, ಬಡ್ಡಿ ವಸೂಲಿಗೆ ಬಾಗಿಲಿಗೆ ಬರುವ ಪಠಾಣ ಇಬ್ಬರೂ ಹೊಸ ಸರ್ಕಾರದ ಕಣ್ಣಿಗೆ ಒಂದೇ ಥರ ಕಂಡರು: ಹೊರಗಿನವರು, ಶಸ್ತ್ರ ಉಳ್ಳವರು, ನಿಜಾಮನ ಉಪ್ಪು ತಿಂದವರು. ಕೆಲವರು ರಜಾಕಾರರ ಜೊತೆ ಸೇರಿ ಲೂಟಿ ಮಾಡಿದ್ದೂ ಇತ್ತು. ಆದರೆ ಮಿಲಿಟರಿ ಸರ್ಕಾರ ಅಪರಾಧ ಮಾಡಿದವನನ್ನು ಹುಡುಕಿ ಹಿಡಿಯುವ ದಾರಿ ಹಿಡಿಯಲಿಲ್ಲ. ಅರಬರು ಮತ್ತು ಅಫಘಾನರು ಎಂಬ ಇಡೀ ಸಮುದಾಯವನ್ನೇ ಗುರುತಿಸಿ, ಗಂಡಸರನ್ನು ಬಂಧನದಲ್ಲಿಟ್ಟು, ಅವರವರ ದೇಶಕ್ಕೆ ಸಾಗಹಾಕುವ ಯೋಜನೆ ಹಾಕಿತು.

ಆ ಶರತ್ಕಾಲದ ಪಂಚಾಂಗವನ್ನು ಒಮ್ಮೆ ನೋಡಬೇಕು. ಸೆಪ್ಟೆಂಬರ್ 16ರಂದು ಹೈದರಾಬಾದಿನ ದೂರು ಪ್ಯಾರಿಸ್ಸಿನಲ್ಲಿ ಕೂತಿದ್ದ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದೆ ಬಂತು. ನವೆಂಬರ್ 15ರಂದು ಸಿಲೋನಿನ ಪೌರತ್ವ ಕಾಯ್ದೆ ಜಾರಿಗೆ ಬಂದು, ಚಹಾ ತೋಟಗಳಲ್ಲಿ ತಲೆಮಾರುಗಳಿಂದ ದುಡಿಯುತ್ತಿದ್ದ ಲಕ್ಷಾಂತರ ತಮಿಳರು ಯಾವ ದೇಶಕ್ಕೂ ಸೇರದವರಾದರು. ಭಾರತ ಅದನ್ನು ಅನ್ಯಾಯ ಎಂದಿತು. ಡಿಸೆಂಬರ್ 10ರಂದು ಅದೇ ಪ್ಯಾರಿಸ್ಸಿನಲ್ಲಿ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ ಅಂಗೀಕಾರವಾಯಿತು. ಪ್ರತಿಯೊಬ್ಬನಿಗೂ ಒಂದು ರಾಷ್ಟ್ರೀಯತೆಯ ಹಕ್ಕಿದೆ ಎನ್ನುವುದು ಅದರ 15ನೇ ವಿಧಿ. ಘೋಷಣೆಯ ಕರಡಿನಲ್ಲಿ ಭಾರತದ ಹಂಸಾ ಮೆಹ್ತಾ ಅವರ ಕೈಯೂ ಇತ್ತು. ಇಷ್ಟೆಲ್ಲ ನಡೆಯುವಾಗ ಹೈದರಾಬಾದಿನಲ್ಲಿ ಅರಬ ಯಾರು, ಯಾರಲ್ಲ ಎಂಬ ಪಟ್ಟಿ ತಯಾರಾಗುತ್ತಿತ್ತು.

ಪಟ್ಟಿ ಮಾಡುವುದು ಎಷ್ಟು ಸುಲಭ, ಕಳಿಸುವುದು ಎಷ್ಟು ಕಷ್ಟ ಎಂಬುದು ಆಮೇಲೆ ತಿಳಿಯಿತು.

ಮೊದಲು ಪಠಾಣರ ಮಾತು. ಅವರಲ್ಲಿ ಹಲವರ ಊರು ಇದ್ದದ್ದು ಅಫಘಾನಿಸ್ತಾನಕ್ಕೂ ಪಾಕಿಸ್ತಾನಕ್ಕೂ ನಡುವಿನ ಬುಡಕಟ್ಟು ಸೀಮೆಯಲ್ಲಿ. ಕಳಿಸುವ ದಾರಿ ಪಾಕಿಸ್ತಾನದ ಮೂಲಕವೇ ಹೋಗಬೇಕು. ಕಾಶ್ಮೀರದಲ್ಲಿ ಆ ದೇಶದ ಜೊತೆ ಯುದ್ಧ ನಡೆಯುತ್ತಿತ್ತು. ಕದನವಿರಾಮ ಬಂದದ್ದು 1949ರ ಜನವರಿ 1ಕ್ಕೆ. ಅರಬರದು ಇನ್ನೂ ಗೋಜಲು. ಹದ್ರಮೌತ್ ಸ್ವತಂತ್ರ ದೇಶವಲ್ಲ, ಬ್ರಿಟಿಷರ ಏಡನ್ ರಕ್ಷಿತ ಪ್ರದೇಶದ ಭಾಗ. ಅಲ್ಲಿನ ಕುಅಯ್ತಿ, ಕಥೀರಿ ಸುಲ್ತಾನರಿಬ್ಬರೂ ಬ್ರಿಟಿಷರ ಒಪ್ಪಂದದಲ್ಲಿ ಇದ್ದವರು. ‘ಇವರು ನಿಮ್ಮ ಪ್ರಜೆಗಳು, ಕರೆದುಕೊಳ್ಳಿ’ ಎಂದು ದಿಲ್ಲಿ ಕೇಳಬೇಕಾದದ್ದು ಲಂಡನ್ನಿಗೆ. ಹೈದರಾಬಾದಿನಲ್ಲೇ ಹುಟ್ಟಿ, ಮುಕಲ್ಲಾವನ್ನು ಕಣ್ಣಿನಲ್ಲೂ ನೋಡದವನು ಹೇಗೆ ನಮ್ಮ ಪ್ರಜೆ ಎಂಬ ಪ್ರಶ್ನೆ ಅತ್ತ ಕಡೆಯಿಂದ.

ಅದಕ್ಕಿಂತ ದೊಡ್ಡ ಅಡ್ಡಿ ಹಸಿವು. ಎರಡನೇ ಮಹಾಯುದ್ಧದಲ್ಲಿ ಜಪಾನ್ ಜಾವಾವನ್ನು ಹಿಡಿದಾಗ ಅಲ್ಲಿಂದ ಬರುತ್ತಿದ್ದ ಹಣ ನಿಂತು, ಮಳೆಯೂ ಕೈಕೊಟ್ಟು, 1943–44ರಲ್ಲಿ ಹದ್ರಮೌತಿನಲ್ಲಿ ಘೋರ ಬರ ಬಿದ್ದಿತ್ತು. ಕಣಿವೆಗೆ ಧಾನ್ಯ ಮುಟ್ಟಿಸಲು ಬ್ರಿಟಿಷ್ ವಾಯುಪಡೆಯ ವಿಮಾನಗಳನ್ನು ಬಳಸಬೇಕಾಯಿತು. 1948–49ರಲ್ಲಿ ಮತ್ತೆ ಬರ. ಈ ಸಲ ಹೈದರಾಬಾದಿನ ಹಣವೂ ನಿಂತಿತ್ತು. ಅಂದರೆ ಇಲ್ಲಿ ಸಿಪಾಯಿ ಶಿಬಿರ ಸೇರಿದ್ದಕ್ಕೆ ಅಲ್ಲಿ ಅವನ ಅಣ್ಣತಮ್ಮಂದಿರ ಒಲೆ ಆರಿತು. ಉಣ್ಣಲು ಇಲ್ಲದ ಆ ನಾಡಿಗೆ ಇನ್ನಷ್ಟು ಬಾಯಿಗಳನ್ನು ಕಳಿಸಬೇಡಿ ಎಂಬುದು ಬ್ರಿಟಿಷರ ವಾದ. ಸ್ವಂತ ಲೆಕ್ಕಾಚಾರವೂ ಅದರಲ್ಲಿತ್ತು, ನಿಜ. ಆದರೂ ವಾದ ಸುಳ್ಳಾಗಿರಲಿಲ್ಲ. ಕೆಲವರನ್ನು ಹಡಗು ಹತ್ತಿಸಿ ಕಳಿಸಲಾಯಿತು, ಕೆಲವರು ತಾವೇ ಹೋದರು, ಉಳಿದವರ ವಿಷಯ ಪತ್ರವ್ಯವಹಾರದಲ್ಲಿ ಸಿಕ್ಕಿಕೊಂಡಿತು.

ಈಗ ಮನೆಯೊಳಗೆ ನೋಡೋಣ. ಗಂಡಸು ಬಂಧನದಲ್ಲಿ. ಮನೆಯಲ್ಲಿ ಹೆಂಡತಿ, ತೆಲುಗೋ ಕನ್ನಡವೋ ಮರಾಠಿಯೋ ಆಡುವ ಊರಿನ ನಡುವೆ ಹುಟ್ಟಿ ಬೆಳೆದವಳು. ತಿಂಗಳ ಸಂಬಳ ನಿಂತಿದೆ. ಗಂಡನನ್ನು ಏಡನ್ನಿಗೆ ಕಳಿಸುತ್ತಾರೆ ಎಂಬ ಸುದ್ದಿ ಬಂದರೆ ಅವಳ ಮುಂದೆ ಎರಡೇ ದಾರಿ. ಮಕ್ಕಳನ್ನು ಕಟ್ಟಿಕೊಂಡು, ತಾನು ಕಂಡರಿಯದ, ಭಾಷೆ ತಿಳಿಯದ, ಬರ ಬಿದ್ದ ಕಲ್ಲುಗಾಡಿಗೆ ಹೋಗುವುದು. ಇಲ್ಲವೇ ಮಕ್ಕಳೊಂದಿಗೆ ಇಲ್ಲೇ ಉಳಿದು ಗಂಡ ಬದುಕಿರುವಾಗಲೇ ವಿಧವೆಯಂತೆ ಬಾಳುವುದು. ಮಗನನ್ನು ಏನೆಂದು ಬರೆಯಬೇಕು? ಅಪ್ಪನ ಲೆಕ್ಕಕ್ಕೆ ಅವನು ಅರಬ, ಅಮ್ಮನ ಲೆಕ್ಕಕ್ಕೆ ದಖ್ಖನಿ. ಗಡಿಪಾರಿನ ಕಾಗದದಲ್ಲಿ ಗಂಡಸಿನ ಹೆಸರು ಒಂದೇ ಇರುತ್ತದೆ. ಆ ಕಾಗದ ಒಡೆಯುವುದು ಐದಾರು ಜನರ ಸಂಸಾರವನ್ನು. ಹೈದರಾಬಾದಿನ ಅಧಿಕಾರಿಗಳು ಪದೇ ಪದೇ ಮುಗ್ಗರಿಸಿದ್ದೂ ಇಲ್ಲೇ: ಒಬ್ಬೊಬ್ಬ ‘ಅರಬ’ನ ಹಿಂದೆಯೂ ಅರಬರಲ್ಲದ ಒಂದು ಮನೆ ಇತ್ತು.

ಜಿಲ್ಲೆಗಳಲ್ಲಿ ಅವಸ್ಥೆ ಇನ್ನೂ ಕೆಟ್ಟದು. ನಗರದಲ್ಲಿ ಬಾರ್ಕಾಸಿನಂಥ ಒತ್ತಾದ ಕೇರಿ ಇತ್ತು, ಒಬ್ಬರಿಗೊಬ್ಬರು ರೊಟ್ಟಿ ಹಂಚಿಕೊಳ್ಳಬಹುದಿತ್ತು. ಕಲಬುರ್ಗಿ, ಬೀದರ ಕಡೆಯ ಸಣ್ಣ ಊರುಗಳಲ್ಲಿ ಜಾಗೀರುದಾರನ ಕಾವಲಿಗಿದ್ದ ಒಂದೆರಡು ಮನೆಗಳಿಗೆ ಆ ಆಸರೆಯೂ ಇರಲಿಲ್ಲ. 1949ರ ಆಗಸ್ಟಿನಲ್ಲಿ ಜಾಗೀರು ರದ್ದತಿಯ ಕಾನೂನು ಬಂತು. ರೈತನ ಪಾಲಿಗೆ ಅದು ಬಹುಕಾಲದ ಬಿಡುಗಡೆ, ಆ ಬಗ್ಗೆ ಎರಡು ಮಾತಿಲ್ಲ. ಜಾಗೀರಿನ ಬಾಗಿಲು ಕಾಯುತ್ತಿದ್ದವನ ಕೆಲಸವೂ ಅದರೊಂದಿಗೇ ಹೋಯಿತು. ನಿಜಾಮನ ಬಿಡಿ ದಂಡುಗಳನ್ನು ವಿಸರ್ಜಿಸಿದಾಗ ನಗರದ ಮನೆಗಳ ಅನ್ನವೂ ಹೋಯಿತು. ಕತ್ತಿ ಬಿಟ್ಟು ಬೇರೆ ಕಸುಬು ಕಲಿಯದ ಸಮುದಾಯ ಅದು. ನಾರ್ವೆಯ ಮಾನವಶಾಸ್ತ್ರಜ್ಞ ಲೈಫ್ ಮ್ಯಾಂಗರ್ ಈ ಜನರ ಬಗ್ಗೆ ಬರೆದ ಲೇಖನದ ತಲೆಬರಹವೇ, ಗೆದ್ದವರು ಸೋತವರಾದ ಬಗೆ.

ತಿರುವು ಬಂದದ್ದು ಅಧಿಕಾರಿಗಳ ಮನಸ್ಸು ಕರಗಿದ್ದರಿಂದಲ್ಲ, ದಿಲ್ಲಿಯಲ್ಲಿ ಸಿದ್ಧವಾಗುತ್ತಿದ್ದ ಸಂವಿಧಾನದಿಂದ. ಪೌರತ್ವದ ವಿಧಿಗಳು 1949ರ ನವೆಂಬರ್ 26ರಂದೇ ಜಾರಿಗೆ ಬಂದವು. 5ನೇ ವಿಧಿ ಹೇಳುವುದು ಇಷ್ಟು: ಭಾರತದಲ್ಲಿ ನೆಲೆಸಿರುವವನು ಇಲ್ಲಿ ಹುಟ್ಟಿದ್ದರೆ ಪ್ರಜೆ, ಅವನ ತಂದೆ ತಾಯಿಯಲ್ಲಿ ಒಬ್ಬರು ಇಲ್ಲಿ ಹುಟ್ಟಿದ್ದರೂ ಪ್ರಜೆ, ಇವೆರಡೂ ಇಲ್ಲದೆ ಹಿಂದಿನ ಐದು ವರ್ಷ ಇಲ್ಲೇ ವಾಸವಾಗಿದ್ದರೂ ಪ್ರಜೆ. ಜಾತಿ, ಧರ್ಮ, ವಂಶದ ಮಾತೇ ಅದರಲ್ಲಿಲ್ಲ. ಬಾರ್ಕಾಸಿನ ಮುವಲ್ಲದ್ ಹುಡುಗನನ್ನು ಈ ತಕ್ಕಡಿಯಲ್ಲಿಟ್ಟು ನೋಡಿ. ಹುಟ್ಟಿದ್ದು ಹೈದರಾಬಾದಿನಲ್ಲಿ. ತಾಯಿ ಹುಟ್ಟಿದ್ದು ಹೈದರಾಬಾದಿನಲ್ಲಿ. ಎರಡು ಸಲ ಪ್ರಜೆಯಾದ. ವಿಲಾಯತಿ ಅಪ್ಪ ಕೂಡ ಮೂರನೆಯ ಬಾಗಿಲಿನಿಂದ ಒಳಗೆ ಬರಬಹುದಿತ್ತು. ಇದಕ್ಕೆ ಇದ್ದ ಒಂದೇ ಕೊಕ್ಕೆ ‘ನೆಲೆಸಿರುವ’ ಎಂಬ ಮಾತು, ಅಂದರೆ ಇಲ್ಲೇ ಶಾಶ್ವತವಾಗಿ ಇರುವ ಇರಾದೆ. ಅದನ್ನು ಹಿಡಿದು ಅಧಿಕಾರಿಗಳು ಎಳೆದಾಡಲು ಅವಕಾಶವಿತ್ತು.

ಎಳೆದಾಟ ಕೆಲವು ವರ್ಷ ನಡೆಯಿತು. 1949ರ ಡಿಸೆಂಬರಿನಲ್ಲಿ ಚೌಧರಿ ಅಧಿಕಾರ ಬಿಟ್ಟರು, ಎಂ.ಕೆ. ವೆಲ್ಲೋಡಿಯವರ ಆಡಳಿತ ಬಂತು. 1952ರಲ್ಲಿ ಬೂರ್ಗುಲ ರಾಮಕೃಷ್ಣರಾವ್ ಚುನಾಯಿತ ಮುಖ್ಯಮಂತ್ರಿಯಾದರು. ಅಷ್ಟು ಹೊತ್ತಿಗೆ ಸಾಮೂಹಿಕವಾಗಿ ಸಾಗಹಾಕುವ ಹುರುಪು ಇಳಿದಿತ್ತು. ಶಿಬಿರಗಳಿಂದ ಜನ ಹೊರಬಂದರು. ಕೆಲವರು ಪ್ರಜೆಗಳಾಗಿ, ಕೆಲವರು ವಿದೇಶಿಯರೆಂದು ನೋಂದಣಿ ಮಾಡಿಸಿಕೊಂಡು ಉಳಿದರು. ‘ನೀವು ಇಲ್ಲಿಯವರೇ’ ಎಂದು ಯಾರೂ ಸಮಾರಂಭ ಮಾಡಿ ಹೇಳಲಿಲ್ಲ. ಕಡತಗಳ ಮೇಲೆ ಧೂಳು ಕೂತಿತು, ಅಷ್ಟೇ. ಸರ್ಕಾರಿ ಆಲಸ್ಯವನ್ನು ಹೊಗಳುವ ಅವಕಾಶ ಬರಹಗಾರನಿಗೆ ಅಪರೂಪಕ್ಕೆ ಸಿಗುತ್ತದೆ, ಇದು ಅಂಥದ್ದೊಂದು.

ಈ ಪ್ರಕರಣವನ್ನು ಕಡತಗಳಿಂದ ಎತ್ತಿ ಬರೆದವರಲ್ಲಿ ಮುಖ್ಯರು ಇತಿಹಾಸಕಾರ್ತಿ ಟೇಲರ್ ಶರ್ಮನ್. ಅವರ 2015ರ ಪುಸ್ತಕದ ವಾದದ ತಿರುಳು, ಪೌರತ್ವ ಎಂಬುದು ದಿಲ್ಲಿಯ ಕಾನೂನು ಪುಸ್ತಕದಲ್ಲಿ ಒಂದೇ ಏಟಿಗೆ ತೀರ್ಮಾನವಾದದ್ದಲ್ಲ, ಊರೂರಿನಲ್ಲಿ ಅಧಿಕಾರಿ ಮತ್ತು ಜನರ ನಡುವಿನ ಹಗ್ಗಜಗ್ಗಾಟದಲ್ಲಿ ರೂಪುಗೊಂಡದ್ದು ಎಂದು. ಹೈದರಾಬಾದಿನವರೇ ಆದ ಉಮರ್ ಖಾಲಿದಿ ಅದಕ್ಕೂ ಮುಂಚೆ ಹದ್ರಮಿಗಳ ಸೈನಿಕ ಚರಿತ್ರೆಯನ್ನು, ಸಂಸ್ಥಾನದ ‘ಪತನ’ದ ನಂತರದ ಕುಸಿತವನ್ನು ಬರೆದಿದ್ದರು. ಶರ್ಮನ್ ಅವರಿಗೆ ಕಾಣುವುದು ಸರ್ಕಾರದ ಗೊಂದಲ, ಖಾಲಿದಿಯವರಿಗೆ ಕಾಣುವುದು ಸಮುದಾಯದ ನಷ್ಟ. ಇಬ್ಬರೂ ಸರಿ ಎನ್ನಬಹುದು. ಆದರೆ ನನ್ನ ತಕರಾರು ಒಂದಿದೆ: ಹಗ್ಗ ಎಳೆಯುತ್ತಿದ್ದ ವರ್ಷಗಳಲ್ಲಿ ಶಾಲೆಗೆ ಹೋಗಬೇಕಿದ್ದ ಹುಡುಗ ಹುಡುಗಿಯರಿಗೆ ಆ ವರ್ಷಗಳು ಮರಳಿ ಬರಲಿಲ್ಲ. ಕಡತ ಮುಚ್ಚಿದಾಗ ಅವರು ಆಗಲೇ ದುಡಿಮೆಗೆ ಬಿದ್ದಿದ್ದರು. ಬಾರ್ಕಾಸ್ ಮತ್ತೆ ಚೇತರಿಸಿಕೊಂಡದ್ದು 1970ರ ದಶಕದಲ್ಲಿ, ಕೊಲ್ಲಿಯಲ್ಲಿ ತೈಲದ ಹಣ ಹರಿದಾಗ. ಅರಬ ಹೆಸರಿನ ಬಲದಿಂದಲೇ ಕೆಲವರಿಗೆ ಅಲ್ಲಿ ಪೊಲೀಸು, ಸೈನ್ಯದ ನೌಕರಿ ಸಿಕ್ಕಿತು. ಇಲ್ಲಿ ಅರಬನೆಂದು ಅನುಮಾನಕ್ಕೊಳಗಾದವನು ಅಲ್ಲಿ ಹಿಂದಿಯೆಂದು ಕರೆಸಿಕೊಂಡು ವೀಸಾ ನವೀಕರಣಕ್ಕೆ ಸಾಲಿನಲ್ಲಿ ನಿಂತ.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವೇ ಮೂರು ಹೋಳಾಯಿತು. ಬೀದರ, ಕಲಬುರ್ಗಿ, ರಾಯಚೂರಿನ ಅರಬ ಮನೆಗಳು ಒಂದು ಬೆಳಗ್ಗೆ ಎದ್ದು ಮೈಸೂರು ರಾಜ್ಯದವಾದವು.

ಕಥೆ ಇಲ್ಲಿಗೇ ನಿಲ್ಲುತ್ತಿತ್ತು, ಬಾಲಾಪುರ ಇಲ್ಲದಿದ್ದರೆ. ಬಾರ್ಕಾಸಿನಿಂದ ಆಟೋ ಹತ್ತಿದರೆ ಕೆಲವೇ ಕಿಲೋಮೀಟರು. ಮ್ಯಾನ್ಮಾರಿನ ರಖೈನ್ ಪ್ರಾಂತದಲ್ಲಿ 2012ರಲ್ಲಿ ಹಿಂಸೆ ಶುರುವಾದ ಮೇಲೆ ಅಲ್ಲಿಂದ ಓಡಿಬಂದ ರೋಹಿಂಗ್ಯಾ ಕುಟುಂಬಗಳು ಬಾಲಾಪುರದ ಸುತ್ತ ಖಾಸಗಿ ನಿವೇಶನಗಳಲ್ಲಿ ಗುಡಿಸಲು ಹಾಕಿಕೊಂಡವು. ಬಿದಿರು, ತಗಡು, ಹಳೆಯ ಫ್ಲೆಕ್ಸ್ ಬ್ಯಾನರುಗಳ ಗೋಡೆ. ಯಾವುದೋ ಚುನಾವಣೆಯ ಅಭ್ಯರ್ಥಿ ಕೈಮುಗಿದು ನಗುತ್ತಿರುವ ಬ್ಯಾನರಿನ ಹಿಂದೆ ಮಗು ಮಲಗಿರುತ್ತದೆ. ಕೈಯಲ್ಲಿರುವುದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಕೊಟ್ಟ ಕಾರ್ಡು. ಹೈದರಾಬಾದಿನ ಕೋವಾ ಎಂಬ ಸ್ವಯಂಸೇವಾ ಒಕ್ಕೂಟ ಆ ಸಂಸ್ಥೆಯ ಪರವಾಗಿ ಇವರ ನಡುವೆ ಕೆಲಸ ಮಾಡಿದೆ.

2017ರ ಆಗಸ್ಟಿನಲ್ಲಿ ಕೇಂದ್ರ ಗೃಹ ಇಲಾಖೆ, ಅಕ್ರಮವಾಗಿ ನೆಲೆಸಿರುವವರನ್ನು ಗುರುತಿಸಿ ಹೊರಗೆ ಕಳಿಸಿ ಎಂದು ರಾಜ್ಯಗಳಿಗೆ ಸುತ್ತೋಲೆ ಹೊರಡಿಸಿತು. 2018ರ ಅಕ್ಟೋಬರಿನಲ್ಲಿ ಅಸ್ಸಾಮಿನಿಂದ 7 ಜನರನ್ನು ಮ್ಯಾನ್ಮಾರಿಗೆ ಒಪ್ಪಿಸಲಾಯಿತು. 2021ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟು, ಜಮ್ಮುವಿನಲ್ಲಿ ಬಂಧನದಲ್ಲಿದ್ದವರನ್ನು ಬಿಡಿಸಲು ಒಪ್ಪದೆ, ಕಾನೂನಿನ ಕ್ರಮ ಅನುಸರಿಸದೆ ಗಡಿಪಾರು ಮಾಡುವಂತಿಲ್ಲ ಎಂದಷ್ಟೇ ಹೇಳಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕರ್ನಾಟಕ ಸರ್ಕಾರ, ಬೆಂಗಳೂರಿನಲ್ಲಿ ಗುರುತಿಸಿದ 72 ರೋಹಿಂಗ್ಯಾಗಳನ್ನು ಸದ್ಯಕ್ಕೆ ಹೊರಹಾಕುವ ಯೋಜನೆ ಇಲ್ಲ ಎಂದು ಸುಪ್ರೀಂ ಕೋರ್ಟಿಗೆ ಪ್ರಮಾಣಪತ್ರ ಕೊಟ್ಟು, ಗದ್ದಲವಾದ ಕೂಡಲೇ ಅದನ್ನು ತಿದ್ದಿ, ಕೋರ್ಟು ಹೇಳಿದಂತೆ ಕೇಳುತ್ತೇವೆ ಎಂದಿತು.

ಭದ್ರತೆಯ ಪ್ರಶ್ನೆ ಸುಳ್ಳು ಎಂದು ನಾನು ಹೇಳುತ್ತಿಲ್ಲ. 1948ರಲ್ಲೂ ಅದು ಪೂರ್ತಿ ಸುಳ್ಳಾಗಿರಲಿಲ್ಲ. ವ್ಯತ್ಯಾಸ ಇರುವುದು ಮಗುವಿನ ಲೆಕ್ಕದಲ್ಲಿ. 1955ರ ಪೌರತ್ವ ಕಾಯ್ದೆ ಮೊದಲು ಇಲ್ಲಿ ಹುಟ್ಟಿದ ಮಗುವನ್ನು, ರಾಯಭಾರಿಗಳ ಮಕ್ಕಳಂಥ ಕೆಲವರನ್ನು ಬಿಟ್ಟು, ಪ್ರಜೆ ಎಂದೇ ಒಪ್ಪಿತ್ತು. 1987ರ ಜುಲೈ 1ರಿಂದ ತಂದೆ ತಾಯಿಯಲ್ಲಿ ಒಬ್ಬರಾದರೂ ಪ್ರಜೆಯಾಗಿರಬೇಕು ಎಂದಾಯಿತು. 2004ರ ಡಿಸೆಂಬರ್ 3ರಿಂದ, ಒಬ್ಬರು ಪ್ರಜೆಯಾಗಿದ್ದರೂ ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು ಎಂದಾಯಿತು. ಬಾರ್ಕಾಸಿನ ಹುಡುಗನನ್ನು ಉಳಿಸಿದ ಎರಡು ಹಿಡಿಕೆಗಳು, ಹುಟ್ಟಿದ ನೆಲ ಮತ್ತು ಹೆತ್ತ ತಾಯಿ, ಒಂದಾದ ಮೇಲೊಂದು ಕಾನೂನಿನಿಂದ ಹೋದವು. ಇಂದು ವಿಲಾಯತಿ ಅರಬನೊಬ್ಬ ಕಾಗದವಿಲ್ಲದೆ ಬಂದು ಹೈದರಾಬಾದಿನ ಹೆಣ್ಣನ್ನು ಮದುವೆಯಾದರೆ ಅವರ ಮಗು ಹುಟ್ಟಿನಿಂದ ಭಾರತೀಯನಲ್ಲ. 1946ರ ವಿದೇಶಿಯರ ಕಾಯ್ದೆಯ ಜಾಗಕ್ಕೆ 2025ರ ಸೆಪ್ಟೆಂಬರ್ 1ರಿಂದ ಹೊಸ ಕಾಯ್ದೆ ಬಂದಿದೆ. ‘ನಾನು ವಿದೇಶಿಯಲ್ಲ’ ಎಂದು ಸಾಬೀತು ಮಾಡುವ ಹೊರೆ ಅದರಲ್ಲೂ ಸಿಕ್ಕಿಬಿದ್ದವನ ಹೆಗಲ ಮೇಲೇ ಇದೆ.

ಇಷ್ಟರ ನಡುವೆ ಒಂದು ಬಾಗಿಲು ಮಾತ್ರ ಪೂರ್ತಿ ಮುಚ್ಚಿಲ್ಲ, ಶಾಲೆಯದು. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಆದರೆ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು 1992ರಲ್ಲೇ ಒಪ್ಪಿದೆ. 2025ರ ಫೆಬ್ರವರಿಯಲ್ಲಿ ದಿಲ್ಲಿಯ ರೋಹಿಂಗ್ಯಾ ಮಕ್ಕಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಶಿಕ್ಷಣದಲ್ಲಿ ಯಾವ ಮಗುವಿಗೂ ತಾರತಮ್ಯ ಆಗಬಾರದು ಎಂದು, ಮಕ್ಕಳು ಮೊದಲು ಶಾಲೆಗೆ ಅರ್ಜಿ ಹಾಕಲಿ, ಸೇರಿಸಿಕೊಳ್ಳದಿದ್ದರೆ ಹೈಕೋರ್ಟಿಗೆ ಹೋಗಲಿ ಎಂದಿತು.

ಹೈಕೋರ್ಟಿಗೆ ಹೋಗುವ ಶಕ್ತಿ ತಗಡಿನ ಗುಡಿಸಲಿನಲ್ಲಿ ಯಾರಿಗಿದೆ? ಆದ್ದರಿಂದ ಇದನ್ನು ಓದುತ್ತಿರುವ ಮುಖ್ಯೋಪಾಧ್ಯಾಯರಿಗೆ, ಮೇಷ್ಟ್ರುಗಳಿಗೆ ಒಂದು ಮಾತು. ಬೆಂಗಳೂರಿನಲ್ಲೋ ಕಲಬುರ್ಗಿಯಲ್ಲೋ ಇಂಥ ಒಂದು ಮಗು ಶಾಲೆಯ ಬಾಗಿಲಿಗೆ ಬಂದರೆ ಶಿಕ್ಷಣ ಹಕ್ಕು ಕಾಯ್ದೆಯನ್ನು ತೆಗೆದು ನೋಡಿ. ಆರರಿಂದ ಹದಿನಾಲ್ಕರ ‘ಪ್ರತಿಯೊಂದು ಮಗು’ ಎಂದಿದೆ, ಭಾರತೀಯ ಮಗು ಎಂದಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದು ವಾಪಸು ಕಳಿಸಬಾರದು ಎಂದು 14ನೇ ಕಲಮಿನಲ್ಲಿದೆ. ಹಾಜರಿ ಪುಸ್ತಕದಲ್ಲಿ ಹೆಸರು ಬರೆದುಕೊಳ್ಳಿ.